ಸೂರ್ಯನ ಹಿಂದೆ ಓಡುತ್ತಿದ್ದ ಕೋಳಿಗಳು

ಬೆಟ್ಟಗಳ ಮೈ ಇನ್ನೂ ಹಸಿ ಮಣ್ಣಿನ ಹಾಗೆ ಮೆತ್ತಗಿತ್ತು. ಯಾವ ಕಡೆ ಹರಿಯಬೇಕೆಂದು ಹೊಳೆ ಇನ್ನೂ ಯೋಚಿಸುತ್ತಲೇ ಇತ್ತು. ಗಾಳಿ, ನೀರು, ಹಕ್ಕಿ, ಮನುಷ್ಯ, ಎಲ್ಲರಿಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯುತ್ತಿತ್ತು. ಲೋಕ ಅಷ್ಟು ಹೊಸದಾಗಿದ್ದ ಕಾಲ ಅದು.

ಆಗ ಸಂಜೆ ಎನ್ನುವುದು ಇರಲಿಲ್ಲ. ಸೂರ್ಯ ಪಡುವಣ ಗುಡ್ಡದ ತುದಿಗೆ ಹೋಗಿ, ಅಲ್ಲಿಂದ ಆಚೆಗೆ ಇಳಿದುಬಿಡುತ್ತಿದ್ದ. ದೀಪ ಊದಿದ ಹಾಗೆ ಕತ್ತಲಾಗುತ್ತಿತ್ತು.

ಆ ಹೊಳೆಯ ದಡದಲ್ಲಿ ದ್ಯಾವೀರಮ್ಮ ಎಂಬ ಹೆಂಗಸೂ ಅವಳ ಗಂಡ ಮೊಗಣ್ಣನೂ ಗುಡಿಸಲು ಕಟ್ಟಿಕೊಂಡಿದ್ದರು. ಅಂಗಳದ ತುಂಬ ಕೋಳಿಗಳಿದ್ದವು. ದ್ಯಾವೀರಮ್ಮನಿಗೆ ಒಂದೊಂದರ ಗುಣವೂ ಗೊತ್ತಿತ್ತು. ಹುಂಜ ಬಲು ಜಂಬಗಾರ. ಬಿಳಿ ಹೇಂಟೆ ಹೊಟ್ಟೆಬಾಕಿ. ತಾಮ್ರದ ಬಣ್ಣದ ಕೆಂಚಿ ಮಾತ್ರ ಸಾಧು. ಅವಳ ಹಿಂದೆ ಸದಾ ಪಿಳಿಪಿಳಿ ಎನ್ನುವ ಮರಿಗಳ ಹಿಂಡು.

ಹಗಲೆಲ್ಲ ಕೋಳಿಗಳು ಅಂಗಳ ಬಿಡುತ್ತಿರಲಿಲ್ಲ. ಆದರೆ ಸೂರ್ಯ ಪಡುವಲಿಗೆ ವಾಲಿದನೋ, ಎಲ್ಲವೂ ಕತ್ತು ಚಾಚಿ, ರೆಕ್ಕೆ ಬಿಚ್ಚಿ, ಗುಡ್ಡದ ಕಡೆ ಓಟ ಕೀಳುತ್ತಿದ್ದವು. ಸೂರ್ಯ ಮುಂದೆ, ಕೋಳಿಗಳು ಹಿಂದೆ. ಕೋಳಿಗಳು ಮುಂದೆ, ಮರಿಗಳು ಹಿಂದೆ.

“ಎಲ್ಲಿಗವ್ವ ಓಡ್ತೀಯ?” ಎಂದು ದ್ಯಾವೀರಮ್ಮ ಕೇಳುತ್ತಿದ್ದಳು.

“ಸೂರ್ಯ ಹೊರಟುಹೋಗ್ತಿದಾನಲ್ಲಮ್ಮ! ಮತ್ತೆ ಬರದೇ ಹೋದ್ರೆ?” ಎನ್ನುತ್ತಿದ್ದಳು ಕೆಂಚಿ, ನಿಲ್ಲದೆ.

“ನಿನ್ನೆ ಹೋದವನು ಇವತ್ತು ಬರಲಿಲ್ವಾ?”

“ನಿನ್ನೆ ನಾವು ಹಿಂದೆ ಹೋಗಿದ್ದಕ್ಕೇ ಬಂದಿದ್ದು!” ಎಂದು ಹುಂಜ ಕೂಗುತ್ತಿತ್ತು.

ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣುವುದಿಲ್ಲ. ಅರ್ಧ ದಾರಿಯಲ್ಲಿ ಕತ್ತಲು ಕವಿದರೆ ಅಲ್ಲಲ್ಲೇ ಮುದುರಿ ಕೂರುತ್ತಿದ್ದವು. ತಂಗಡಿ ಪೊದೆಯಲ್ಲಿ ಕಾಡುಬೆಕ್ಕು ಕಾದಿರುತ್ತಿತ್ತು. ಬೆಳಗಾದರೆ ಒಂದಲ್ಲ ಒಂದು ಕೋಳಿ ಕಡಿಮೆ. ಒಂದಷ್ಟು ಪುಕ್ಕ ಮಾತ್ರ ದಾರಿಯಲ್ಲಿ.

ನೋಡಿ ನೋಡಿ ಸಾಕಾಗಿ ಮೊಗಣ್ಣ ಬಿದಿರು ಸೀಳಿ ತಡಿಕೆ ಹೆಣೆದ, ಕೆಮ್ಮಣ್ಣು ಮೆತ್ತಿದ, ಮೇಲೆ ಹುಲ್ಲು ಹೊದಿಸಿದ. ಲೋಕದ ಮೊದಲ ಕೋಳಿಗೂಡು ಅದು. ತಮ್ಮ ಮನೆಗೆ ಇದ್ದ ಹಾಗೆ ಅದಕ್ಕೂ ಮೂಡಲಿಗೇ ಬಾಗಿಲು ಇಟ್ಟ. ಇಬ್ಬರೂ ಸೇರಿ ಕೋಳಿಗಳನ್ನು ಹಿಡಿದು ಹಿಡಿದು ಒಳಗೆ ಬಿಟ್ಟರು. ಅವು ರಾತ್ರಿಯಿಡೀ ಅರಚಿದವು. ಮಾರನೆಯ ದಿನ ಬಾಗಿಲು ತೆಗೆದದ್ದೇ ತಡ, ಗೂಡಿನ ಹತ್ತಿರವೂ ಸುಳಿಯಲಿಲ್ಲ. ಸೂರ್ಯ ವಾಲಿದ ಕೂಡಲೇ ಮತ್ತೆ ಅದೇ ಓಟ.

ಆ ರಾತ್ರಿ ಕೆಂಚಿಯ ಮರಿಯೊಂದನ್ನು ಕಾಡುಬೆಕ್ಕು ಕಚ್ಚಿಕೊಂಡು ಹೋಯಿತು.

ಬೆಳಿಗ್ಗೆ ಕೆಂಚಿ ಮೇಯಲಿಲ್ಲ, ನೀರು ಮುಟ್ಟಲಿಲ್ಲ. ದ್ಯಾವೀರಮ್ಮ ಅವಳನ್ನು ಮಡಿಲಲ್ಲಿ ಇಟ್ಟುಕೊಂಡು ಹೊಳೆಯ ಪಕ್ಕ ಕೂತಳು. ಅವಳ ಕಣ್ಣಲ್ಲೂ ನೀರು.

ನೀರಿನ ಮೇಲಿಂದ ಗಾಳಿ ಎದ್ದು ಬಂತು. “ಯಾಕವ್ವ ಅಳ್ತೀಯ? ನಿನ್ನ ಗೂಡಿನ ಬಾಗಿಲು ಯಾವ ಕಡೆಗಿದೆ?”

“ಮೂಡಲಿಗೆ.”

“ಹೊತ್ತಿಳಿಯೋವಾಗ ಕೋಳಿ ಯಾವ ಕಡೆ ನೋಡ್ತದೆ?”

ಗಾಳಿ ಅಷ್ಟು ಹೇಳಿ ಹುಲ್ಲಿನ ಮೇಲೆ ಜಾರಿ ಹೋಯಿತು. ದ್ಯಾವೀರಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಮನೆಗೆ ಬಂದಳು.

“ಕೇಳಿದ್ರಾ, ಗೂಡಿನ ಬಾಗಿಲು ಪಡುವಲಿಗೆ ಇಡಬೇಕು.”

“ಮೊನ್ನೆ ತಾನೆ ಮೆತ್ತಿದ ಗೋಡೆ ಅಮ್ಮಿ, ಇನ್ನೂ ಸರಿಯಾಗಿ ಒಣಗಿಲ್ಲ!” ಎಂದ ಮೊಗಣ್ಣ.

“ಒಣಗಿಲ್ಲ ಅಂದ್ರೆ ಒಡೆಯೋದು ಸಲೀಸು. ಒಡೀರಿ.”

ಮೊಗಣ್ಣ ಗೊಣಗುತ್ತ ಗುದ್ದಲಿ ತಂದ. ದ್ಯಾವೀರಮ್ಮ ಗುಡ್ಡ ಹತ್ತಿದಳು. ಅವಳು ತುದಿ ಮುಟ್ಟುವಾಗ ಸೂರ್ಯನೂ ಅಲ್ಲಿಗೆ ಬಂದಿದ್ದ, ಇನ್ನೇನು ಇಳಿಯಬೇಕು.

“ನಿಲ್ಲಪ್ಪ, ಒಂದು ಮಾತು!”

“ನಿಲ್ಲೋಕಾಗಲ್ಲ ತಾಯಿ. ಗುಡ್ಡದ ಆಚೆಯವರು ಕತ್ತಲಲ್ಲಿ ಕಾಯ್ತಿದಾರೆ.”

“ನಿಲ್ಲೋದು ಬೇಡ. ಹೋಗೋ ಮುಂಚೆ ನನ್ನ ಕೋಳಿಗೂಡಿನೊಳಗೆ ಒಂದು ಸಲ ಇಣುಕಿ ಹೋಗು. ನಿನ್ನ ಹಿಂದೆ ಓಡಿ ಓಡಿ ನನ್ನ ಕೂಸುಗಳು ಕಾಡುಬೆಕ್ಕಿನ ಬಾಯಿಗೆ ಬೀಳ್ತಿವೆ.”

ಅಷ್ಟು ಚಿಕ್ಕ ಮನೆಗೆ ಸೂರ್ಯನನ್ನು ಅದುವರೆಗೆ ಯಾರೂ ಕರೆದಿರಲಿಲ್ಲ. ನಾಚಿಕೆಯಿಂದಲೋ ಸಂತೋಷದಿಂದಲೋ ಅವನ ಮುಖ ಕೆಂಪಾಯಿತು.

“ಆಗಲಿ. ನಾಳೆಯಿಂದ ನಿಧಾನಕ್ಕೆ ಇಳೀತೀನಿ. ಕೋಳಿ ನಡೆದು ಮನೆ ಸೇರುವಷ್ಟು ಹೊತ್ತು ನನ್ನ ಬೆಳಕು ನಿಮ್ಮ ಅಂಗಳದಲ್ಲಿ ಇರಲಿ” ಎಂದ.

ಮರುದಿನ ಲೋಕಕ್ಕೆ ಮೊದಲ ಸಂಜೆ ಬಂತು.

ಹೊಳೆ ಕೆಂಪಾಯಿತು. ಹುಲ್ಲು ಕೆಂಪಾಯಿತು. ಕೆಂಪು ಬೆಳಕು ಸದ್ದಿಲ್ಲದೆ ಅಂಗಳ ದಾಟಿ, ಗೂಡಿನ ಹೊಸ ಬಾಗಿಲಲ್ಲಿ ನುಗ್ಗಿ, ಹಿಂದಿನ ಗೋಡೆಯ ಮೇಲೆ ಹೋಗಿ ಕೂತಿತು. ಓಡಲು ಹೊರಟಿದ್ದ ಕೋಳಿಗಳು ನಿಂತವು.

“ಸೂರ್ಯ ಇಲ್ಲಿ ಒಳಗೆ ಹೋದ!” ಎಂದಿತು ಬಿಳಿ ಹೇಂಟೆ.

“ನಾನೇ ಮೊದಲು ನೋಡಿದ್ದು” ಎಂದಿತು ಹುಂಜ.

ಒಂದರ ಹಿಂದೆ ಒಂದು ಒಳಗೆ ನಡೆದವು. ಬೆಳಕು ಗೋಡೆಯ ಮೇಲೆ ಮೆಲ್ಲಗೆ ಮಸುಕಾಯಿತು. ಒಂದರ ಮೈ ಒಂದಕ್ಕೆ ತಾಗಿ ಬೆಚ್ಚಗಾಯಿತು. ದ್ಯಾವೀರಮ್ಮ ಬಾಗಿಲು ಮುಚ್ಚಿ, “ಹೆದರಬೇಡ್ರವ್ವ, ಬೆಳಿಗ್ಗೆ ಬರ್ತಾನೆ” ಎಂದಳು. ಬೆಳಿಗ್ಗೆ ಬಾಗಿಲು ತೆಗೆದರೆ ಸೂರ್ಯ ಮೂಡಲಲ್ಲಿ ನಿಂತಿದ್ದ. ದಿನವೂ ಹಾಗೇ ಆಯಿತು.

ಆಮೇಲೆ ಲೋಕಕ್ಕೆ ಮೊದಲ ಮಳೆಗಾಲ ಬಂತು. ಒಂದು ದಿನ ಆಕಾಶವೆಲ್ಲ ಕರೀ ಮೋಡ. ಸಂಜೆಯಾದರೂ ಗೋಡೆಯ ಮೇಲೆ ಬೆಳಕು ಬೀಳಲಿಲ್ಲ. ಕೋಳಿಗಳು ಅಂಗಳದಲ್ಲೇ ದಿಕ್ಕು ತೋಚದೆ ಸುತ್ತಿದವು.

“ಸೂರ್ಯ ಕಳೆದುಹೋದ! ಹುಡುಕೋಣ ನಡೀರಿ!” ಎಂದು ಹುಂಜ ಗುಡ್ಡದ ಕಡೆ ತಿರುಗಿತು. ತಂಗಡಿ ಪೊದೆ ಸಣ್ಣಗೆ ಅಲ್ಲಾಡಿತು.

ಮೊಗಣ್ಣ ಕೋಲು ಹಿಡಿದು ಅಟ್ಟಲು ಹೊರಟ. ದ್ಯಾವೀರಮ್ಮ ಅವನ ಕೈ ಹಿಡಿದಳು. “ಅಟ್ಟಿದ್ರೆ ಚೆದುರಿ ಹೋಗ್ತವೆ. ತಡೀರಿ, ಕೆಂಚೀನ ನೋಡಿ.”

ಕೆಂಚಿ ಗೂಡಿನ ಬಾಗಿಲಿಗೆ ಬಂದಿದ್ದಳು. ಕತ್ತು ಓರೆ ಮಾಡಿ ಪಡುವಲಿಗೆ ನೋಡಿದಳು. ಬರೀ ಮೋಡ. ಗೂಡಿನೊಳಗೆ ನೋಡಿದಳು. ಬರೀ ಕತ್ತಲು. ಮರಿಗಳು ಅವಳ ಕಾಲ ಸಂದಿಗೆ ನುಸುಳಿ ನಡುಗುತ್ತಿದ್ದವು. ಕರೆಯಬೇಕೆಂದು ನಾಲಿಗೆಯ ತುದಿಗೆ ಬಂದದ್ದನ್ನು ದ್ಯಾವೀರಮ್ಮ ನುಂಗಿಕೊಂಡಳು.

“ಬನ್ನಿ ಮಕ್ಕಳೇ. ಕಾಣಿಸದಿದ್ರೂ ಬೆಳಿಗ್ಗೆ ಬರ್ತಾನೆ” ಎನ್ನುತ್ತ ಕೆಂಚಿ ಕತ್ತಲೊಳಗೆ ಕಾಲಿಟ್ಟಳು. ಹಿಂದೆ ಮರಿಗಳು. ಅವುಗಳ ಹಿಂದೆ ಬಿಳಿ ಹೇಂಟೆ. ಎಲ್ಲ ಹೋದ ಮೇಲೆ, ಯಾರೂ ನೋಡುತ್ತಿಲ್ಲ ಎನ್ನುವ ಹಾಗೆ, ಹುಂಜ.

ಅದಕ್ಕೇ ಮಗು, ಇವತ್ತಿಗೂ ಹೊತ್ತು ಮುಳುಗುವಾಗ, ಮೋಡ ಕವಿದಿರಲಿ, ಯಾರೂ ಕರೆಯದೇ ಇರಲಿ, ಕೋಳಿಗಳು ತಾವಾಗಿಯೇ ಗೂಡಿಗೆ ಬರುತ್ತವೆ. ಬಾಗಿಲಲ್ಲಿ ಒಂದು ಗಳಿಗೆ ನಿಂತು, ಕತ್ತು ಓರೆ ಮಾಡಿ, ಪಡುವಣ ಆಕಾಶವನ್ನೊಮ್ಮೆ ನೋಡಿಯೇ ಒಳಗೆ ಹೋಗುತ್ತವೆ.