ತೆಂಗು ನೆಟ್ಟ ದ್ವೀಪ

“ಗುರುಗಳೇ, ನಡುವಿನ ದ್ವೀಪಗಳನ್ನು ಬಿಟ್ಟು ಬರೆಯಲೇ?” ಎಂದು ಪಾಯಣ್ಣ ಕೇಳಿದ.

ಪಾಯಣ್ಣ ಮಠದ ಗ್ರಂಥಭಂಡಾರದಲ್ಲಿ ಹಳೆಯ ತಾಳೆಗರಿಗಳನ್ನು ನೋಡಿ ಹೊಸ ಗರಿಗಳಿಗೆ ಪ್ರತಿ ಮಾಡುವ ಶಿಷ್ಯ. ಆಗ ಅವನ ಕೈಗೆ ಬಂದಿದ್ದದ್ದು ಬೈಚಿಸೆಟ್ಟಿ ಎಂಬ ವರ್ತಕ ಕಡಲ ಮೇಲೆ ಹೋಗಿ ಬಂದ ಕತೆ. ಭಂಡಾರದಲ್ಲಿ ಅದರಷ್ಟು ಸವೆದ ಕಟ್ಟು ಇನ್ನೊಂದಿರಲಿಲ್ಲ. ಓದಿದವರ ಬೆರಳು ತಾಗಿ ತಾಗಿ ಗರಿಗಳ ಅಂಚು ಕಪ್ಪಾಗಿತ್ತು.

“ಯಾಕೆ ಬಿಡಬೇಕು?” ಎಂದರು ಗುರುಗಳು.

“ಸೆಟ್ಟಿ ಹೊರಡುವುದು ಎಲ್ಲರಿಗೂ ಗೊತ್ತು. ಮರಳಿ ಬರುವುದೂ ಗೊತ್ತು. ನಡುವೆ ದ್ವೀಪದ ಮೇಲೆ ದ್ವೀಪ. ಗಿಳಿಗಳು ಸುಂಕ ಕೇಳುವ ದ್ವೀಪವಂತೆ, ಬೆಳದಿಂಗಳಲ್ಲಿ ಮಾತ್ರ ಉಳುವವರ ದ್ವೀಪವಂತೆ. ಒಂದೂ ನಿಜವಲ್ಲ. ಒಂದು ಕಡೆಯಂತೂ ಅವನು ತೆಂಗಿನಕಾಯಿ ನೆಟ್ಟು, ಅದು ಫಲ ಕೊಡುವವರೆಗೆ ಸುಮ್ಮನೆ ಕೂತಿರುತ್ತಾನೆ. ಏನೂ ನಡೆಯುವುದಿಲ್ಲ. ಇಂಥದ್ದನ್ನು ಕೇಳಲು ಜನ ಮುಗಿಬೀಳುತ್ತಾರೆ. ಅವರಲ್ಲಿ ಊರ ಹೊಳೆ ದಾಟಿದವರೇ ಕಡಿಮೆ. ಶಾಸ್ತ್ರದ ಕಟ್ಟುಗಳು ಬಿಚ್ಚುವವರಿಲ್ಲದೆ ಬಿದ್ದಿವೆ. ಇದರಲ್ಲಿ ಅಂಥದ್ದೇನಿದೆ, ಗುರುಗಳೇ?”

“ನಿನಗೆ ಕೈ ನೋಯುತ್ತಿದೆಯೋ, ಶಾಸ್ತ್ರದ ಮೇಲೆ ಪ್ರೀತಿ ಉಕ್ಕುತ್ತಿದೆಯೋ?”

“ಎರಡೂ,” ಎಂದ ಪಾಯಣ್ಣ.

ಗುರುಗಳು ನಕ್ಕರು. “ನಿಜ ಹೇಳಿದೆ. ಹಾಗಾದರೆ ಬರೆಯುವ ಕಂಟ ಕೆಳಗಿಡು, ಕೈಗೂ ಸ್ವಲ್ಪ ಬಿಡುವಾಗಲಿ. ಒಂದು ಕತೆ ಹೇಳುತ್ತೇನೆ, ಕೇಳು,” ಎಂದು ಶುರುಮಾಡಿದರು.

ಒಂದು ಬಂದರು. ಆ ಬಂದರಿನಲ್ಲಿ ಒಬ್ಬ ಕತೆಗಾರ. ಅವನಿಗೆ ಬರುತ್ತಿದ್ದದ್ದು ಒಂದೇ ಕತೆ, ಈ ಬೈಚಿಸೆಟ್ಟಿಯ ಕತೆ. ಮಳೆಗಾಲ ಕಳೆದು ಹಡಗುಗಳು ಹೊರಟ ದಿನ ಅವನು ಕತೆ ಶುರುಮಾಡಬೇಕು. ಹಡಗು ಕಟ್ಟುವ ಚಪ್ಪರದ ಕೆಳಗೆ ಸಂಜೆ ಹೊತ್ತು ಜನ ಸೇರುತ್ತಿದ್ದರು. ಹೆಂಗಸರು, ಮುದುಕರು, ಕೈಕೂಸುಗಳು. ಕಡಲಿಗೆ ಹೋದವರನ್ನು ಬಿಟ್ಟು ಉಳಿದವರೆಲ್ಲ. ಕತೆ ಅವರಿಗೆ ಬಾಯಿಪಾಠ. ಕತೆಗಾರ ಒಂದು ಮಾತು ತಪ್ಪಿದರೆ ಹತ್ತು ಬಾಯಿ ತಿದ್ದುತ್ತಿದ್ದವು. ಆದರೂ ಅವನು ತಪ್ಪಿದ್ದು ಕಡಿಮೆ. ಒಂದು ಮಾತು ಕೂಡಿಸುವುದಿಲ್ಲ, ಒಂದು ಮಾತು ಕಳೆಯುವುದಿಲ್ಲ ಎಂದು ತನ್ನ ಗುರುವಿನ ಕಾಲು ಮುಟ್ಟಿ ಮಾತು ಕೊಟ್ಟಿದ್ದ. ಅವನ ಹೆಮ್ಮೆಯೆಲ್ಲ ಅದೇ.

ಆ ಊರಲ್ಲಿ ಒಂದು ಕಟ್ಟಳೆ ಇತ್ತು. ಹಡಗುಗಳು ಕಡಲ ಮೇಲಿರುವವರೆಗೆ ಕತೆಯ ಕಡೆಯ ಭಾಗ ಹೇಳುವಂತಿಲ್ಲ. ಸೆಟ್ಟಿ ದಾರಿಯಲ್ಲೇ ಇರಬೇಕು. ಹೋದವರು ಬಂದ ಮೇಲೆ ಅವನೂ ಮನೆಗೆ ಬರಬೇಕು. ಆದರೆ ಮುಂಗಾರು ಹಿಡಿದು ಕಡಲು ಮುಚ್ಚಿತೆಂದರೆ ಇನ್ನು ಕಾಯುವ ಹಾಗಿಲ್ಲ, ಕಡೆಯ ಭಾಗ ಹೇಳಲೇಬೇಕು. ಸೆಟ್ಟಿ ತನ್ನ ಮನೆಯ ಹೊಸ್ತಿಲು ದಾಟಿದ ಎಂದು ಕತೆಗಾರ ಹೇಳಿದ ಮೇಲೆ, ಯಾರು ಬಂದಿಲ್ಲವೋ ಅವರು ಇನ್ನು ಬರುವುದಿಲ್ಲ ಎಂದು ಊರು ಒಪ್ಪಿಕೊಳ್ಳುತ್ತಿತ್ತು. ಮರುದಿನ ಅಂಥವರ ಮನೆಯಲ್ಲಿ ದರ್ಭೆಯ ಗೊಂಬೆ ಮಾಡಿ ಸುಡುತ್ತಿದ್ದರು. ಹೆಂಡತಿಯ ಬಳೆ ಒಡೆಯುತ್ತಿದ್ದರು.

ಕತೆಗಾರ ಹೀಗೆ ಎಷ್ಟೋ ಸಲ ಕತೆ ಮುಗಿಸಿದ್ದ. ಎಷ್ಟೋ ಮನೆಗಳಲ್ಲಿ ಬಳೆ ಒಡೆದಿದ್ದವು. ಅವನು ಆ ಮನೆಗಳ ಕಡೆ ತಿರುಗಿ ನೋಡಿದವನಲ್ಲ. ತನ್ನ ಕೆಲಸ ಕತೆ ಹೇಳುವುದು, ಉಳಿದದ್ದು ಊರಿಗೆ ಬಿಟ್ಟದ್ದು ಎಂದುಕೊಂಡಿದ್ದ. ಕೆಟ್ಟವನಲ್ಲ. ಕಟ್ಟಳೆಯ ಒಳಗೆ ಬೆಚ್ಚಗೆ ಬದುಕುವವರಿಗೆ ಹೊರಗಿನ ಚಳಿ ತಿಳಿಯುವುದಿಲ್ಲ, ಅಷ್ಟೇ.

ಒಂದು ವರ್ಷ ಹಡಗುಗಳೆಲ್ಲ ಮರಳಿ ಬಂದವು. ಒಬ್ಬ ಮಾತ್ರ ಬರಲಿಲ್ಲ. ದಾರಿಯಲ್ಲಿ ಕುಡಿಯುವ ನೀರು ತೀರಿ, ಗುರುತಿಲ್ಲದ ಒಂದು ದಡದ ಹತ್ತಿರ ಹಡಗು ನಿಂತಿತ್ತಂತೆ. ಆ ನಾವಿಕ ಸಣ್ಣ ದೋಣಿ ಇಳಿಸಿಕೊಂಡು, ಕೊಡಗಳನ್ನಿಟ್ಟುಕೊಂಡು ನೀರು ತರಲು ಹೋದ. ಅಷ್ಟರಲ್ಲಿ ಬಿರುಗಾಳಿ ಎದ್ದಿತು. ನಿಂತರೆ ಹಡಗು ಬಂಡೆಗೆ ಬಡಿಯುತ್ತಿತ್ತು. ಹಡಗಿನ ತಂಡೇಲ, ಎಂದರೆ ಅದನ್ನು ನಡೆಸುವವನು, ಲಂಗರು ಎತ್ತಿಸಿದ. ಗಾಳಿ ಇಳಿದ ಮೇಲೆ ತಿರುಗಿ ಹೋಗಿ ಹುಡುಕಿದರೆ ಆ ದಡವೇ ಸಿಗಲಿಲ್ಲ. ಹೋದವನು ಸತ್ತನೋ, ಬದುಕಿದ್ದಾನೋ, ಕಂಡವರಿಲ್ಲ. ಊರಿಗೆ ಬಂದ ತಂಡೇಲ ಆ ನಾವಿಕನ ಮನೆಯ ಮುಂದೆ ಬಹಳ ಹೊತ್ತು ನಿಂತಿದ್ದ. ಒಳಗೆ ಹೋಗಲಿಲ್ಲ. ಆಮೇಲೆ ಯಾರ ಜೊತೆಗೂ ಮಾತಿಲ್ಲ.

ಮಳೆ ಹಿಡಿಯಿತು. ನಾಳೆ ಸಂಜೆ ಕಡೆಯ ಭಾಗ ಎಂದು ಬಂದರಿನ ಯಜಮಾನ ಡಂಗುರ ಸಾರಿಸಿದ.

ಅಂದು ಮಧ್ಯಾಹ್ನ ಆ ನಾವಿಕನ ಹೆಂಡತಿ ಕತೆಗಾರನ ಜಗಲಿಗೆ ಬಂದಳು. ಕೂರು ಎಂದರೆ ಕೂರಲಿಲ್ಲ.

“ನಾಳೆ ಸೆಟ್ಟಿಯನ್ನ ಮನೆಗೆ ಸೇರಿಸ್ತೀರಂತೆ?” ಎಂದು ಕೇಳಿದಳು.

“ಮಳೆ ಬಂತಲ್ಲಮ್ಮ. ಕಟ್ಟಳೆ.”

“ಸಣ್ಣವಳಿದ್ದಾಗಿಂದ ಕೇಳಿದ್ದೇನೆ ನಿಮ್ಮ ಕತೆ. ಸೆಟ್ಟಿ ಮುಳುಗುವ ಹಾಗೆ ಇದ್ದಾಗೆಲ್ಲ, ಹೆದರಬೇಡಿ, ಕತೆಯಲ್ಲಿ ಅವನು ಇನ್ನೂ ಮುಂದೆ ಇದ್ದಾನೆ ಅಂತ ನೀವೇ ನಗ್ತಿದ್ರಿ. ನಮ್ಮವರು ಮುಂದೆ ಇದ್ದಾರೋ ಇಲ್ವೋ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ನಾಳೆ ಯಾಕೆ ಮುಗಿಸ್ತೀರಿ?”

ಅವಳು ಮಳೆಯಲ್ಲೇ ಇಳಿದು ಹೋದಳು. ಅವಳ ಕೈಬಳೆಗಳ ಸದ್ದು ಕತೆಗಾರನಿಗೆ ಬೀದಿಯ ತಿರುವಿನವರೆಗೂ ಕೇಳಿಸಿತು. ಅವನು ಅಂದು ಊಟ ಮಾಡಲಿಲ್ಲ. ಗುರುವಿಗೆ ಕೊಟ್ಟ ಮಾತು ಒಂದು ಕಡೆ, ಆ ಸದ್ದು ಒಂದು ಕಡೆ.

ಮರುದಿನ ಚಪ್ಪರ ತುಂಬಿತು. ಕಡಲಿಂದ ಬಂದ ಗಂಡಸರು ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ಬೆಲ್ಲದ ಪಾನಕ ಮಾಡಿ ಇಟ್ಟಿದ್ದರು. ಅವರಿಗೆ ಅದು ಸಂತೋಷದ ದಿನ, ಅವರನ್ನೂ ದೂರುವಂತಿಲ್ಲ. ಆ ಹೆಂಗಸು ಎಂದೂ ಕೂರುವ ಕಂಬದ ಹತ್ತಿರವೇ ಕೂತಿದ್ದಳು. ತಂಡೇಲ ಎಲ್ಲರಿಗಿಂತ ಹಿಂದೆ, ಚಪ್ಪರದ ಅಂಚಿನಲ್ಲಿ, ಅರ್ಧ ಮೈ ನೆನೆಯುತ್ತ ನಿಂತಿದ್ದ.

ಕತೆಗಾರ ಹೇಳತೊಡಗಿದ. ಸೆಟ್ಟಿಯ ಹಡಗು ಊರ ಕಡೆ ತಿರುಗಿತು. ನೀರಿನ ಬಣ್ಣ ಬದಲಾಯಿತು. ದೂರದಲ್ಲಿ ಊರ ಬೆಟ್ಟದ ತಲೆ ಕಂಡಿತು. ಕೇಳುವವರ ತುಟಿಗಳು ಅವನ ಮಾತಿನ ಜೊತೆಗೇ ಅಲುಗುತ್ತಿದ್ದವು. ಇನ್ನೊಂದು ಮಾತಿಗೆ ಹಡಗು, ಹೊಳೆ ಕಡಲು ಸೇರುವ ಅಳಿವೆಯ ಒಳಗೆ ಬರಬೇಕು.

ಕತೆಗಾರ ನಿಂತ. ಕಂಬದ ಕಡೆ ನೋಡಿದ. ಆಮೇಲೆ, “ಅಷ್ಟರಲ್ಲಿ ಗಾಳಿ ತಿರುಗಿತು,” ಎಂದ.

ತುಟಿಗಳು ನಿಂತವು.

ಗಾಳಿ ಹಡಗನ್ನು ಮತ್ತೆ ಕಡಲಿಗೆ ನೂಕಿತು ಎಂದ. ಯಾರೂ ಕಾಣದ ಒಂದು ದ್ವೀಪಕ್ಕೆ ಒಯ್ದಿತು ಎಂದ. ಆ ದ್ವೀಪದವರು ಒಳ್ಳೆಯವರು, ಉಣ್ಣಲು ಕೊಟ್ಟರು, ಉಡಲು ಕೊಟ್ಟರು. ಅವರದು ಒಂದೇ ನಿಯಮ. ಬಂದ ಅತಿಥಿ ಒಂದು ಗಿಡ ನೆಡಬೇಕು, ಅದು ಫಲ ಕೊಡುವವರೆಗೆ ಹೊರಡುವಂತಿಲ್ಲ. ಸೆಟ್ಟಿಯ ಬಳಿ ನೆಡಲು ಇದ್ದದ್ದು ಒಂದೇ, ಹೊರಡುವಾಗ ಪೂಜೆ ಮಾಡಿ ಹಡಗಿನ ಮೂತಿಗೆ ಕಟ್ಟಿದ್ದ ತೆಂಗಿನಕಾಯಿ. ಅವನು ಅದನ್ನೇ ನೆಟ್ಟ.

“ಬಾಳೆ ಸಿಗಲಿಲ್ವ ಮಾರಾಯ ಅವನಿಗೆ!” ಎಂದು ಒಬ್ಬ ಗೊಣಗಿದ. ತೆಂಗು ಫಲ ಬಿಡಲು ಎಷ್ಟು ಕಾಲ ಹಿಡಿಯುತ್ತದೆ ಎಂದು ಆ ಊರಲ್ಲಿ ಹೇಳಿಕೊಡಬೇಕಾಗಿರಲಿಲ್ಲ. ಯಾರೂ ನಗಲಿಲ್ಲ.

ಯಜಮಾನ ಎದ್ದು ನಿಂತ. “ಇದು ಕತೆಯಲ್ಲಿಲ್ಲ,” ಎಂದ. “ನಿನ್ನ ಬಾಯಿಗೆ ಬಂದದ್ದು ಹೇಳುವುದಕ್ಕೆ ಊರು ಇಲ್ಲಿ ಕೂತಿಲ್ಲ. ಇಂಥ ದ್ವೀಪ ಎಲ್ಲಿದೆ? ಯಾರು ನೋಡಿದ್ದಾರೆ?”

ಜೀವಮಾನವೆಲ್ಲ ಒಂದು ಮಾತು ಕೂಡಿಸದವನು ಈಗ ಒಂದು ದ್ವೀಪವನ್ನೇ ಕೂಡಿಸಿದ್ದ. ಹೌದು, ಕಟ್ಟಿ ಹೇಳಿದೆ ಎಂದು ಒಪ್ಪಿಕೊಂಡರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಆ ಹೆಂಗಸು ತನ್ನ ಎರಡೂ ಕೈಗಳನ್ನು ಸೆರಗಿನ ಒಳಗೆ ಎಳೆದುಕೊಂಡಳು.

ಆಗ ಹಿಂದಿನಿಂದ ಒಂದು ದನಿ ಬಂತು.

“ಇದೆ. ನಾನು ನೋಡಿದ್ದೇನೆ.”

ಎಲ್ಲರೂ ತಿರುಗಿದರು. ತಂಡೇಲ. ಮರಳಿ ಬಂದ ಮೇಲೆ ಅವನು ಆಡಿದ ಮೊದಲ ಮಾತು ಅದು. ಅಷ್ಟು ಹೇಳಿ ಮಳೆಗೆ ಇಳಿದು ನಡೆದುಬಿಟ್ಟ. ಆ ಊರಲ್ಲಿ ಕಡಲ ಮಾತಿಗೆ ಅವನಿಗಿಂತ ದೊಡ್ಡ ಸಾಕ್ಷಿ ಇರಲಿಲ್ಲ. ಯಜಮಾನ ಹೊರಗೆ ಒಮ್ಮೆ ನೋಡಿದ, ಕಂಬದ ಕಡೆ ಒಮ್ಮೆ ನೋಡಿದ. ಅವನೂ ಮನುಷ್ಯನೇ. ಸುಮ್ಮನೆ ಕೂತುಕೊಂಡ.

ಆ ವರ್ಷ ಸೆಟ್ಟಿ ಮನೆಗೆ ಬರಲಿಲ್ಲ. ಯಾರ ಬಳೆಯೂ ಒಡೆಯಲಿಲ್ಲ.

ಮಳೆ ನಿಂತಿತು, ಹಡಗುಗಳು ಮತ್ತೆ ಹೊರಟವು. ಕಡಲಿಗೆ ಹೋಗುವವರಿಗೆ ಮೊದಲು ಅಳುಕಿತ್ತು. ಹಳೆಯ ಕತೆ ಮುಗಿಯದೆ ಹೊಸ ಪಯಣ ಹೇಗೆ ಎಂದು ಗೊಣಗಿದರು. ಆಮೇಲೆ, ಈ ಸಲ ಸೆಟ್ಟಿಯೂ ನಮ್ಮ ಜೊತೆ ಹೊರಗೇ ಇದ್ದಾನೆ ಬಿಡು ಎಂದು ತಾವೇ ಸಮಾಧಾನ ಮಾಡಿಕೊಂಡರು. ಕತೆಗಾರ ಪ್ರತಿ ವರ್ಷವೂ ಮೊದಲಿಂದ ಹೇಳಿಕೊಂಡು ಬಂದು, ಆ ದ್ವೀಪದಲ್ಲಿ ನಿಲ್ಲಿಸುತ್ತಿದ್ದ. ತೆಂಗು ಮೊಳಕೆ ಒಡೆಯಿತು ಎನ್ನುತ್ತಿದ್ದ. ಸೀಳು ಗರಿ ಬಂತು ಎನ್ನುತ್ತಿದ್ದ. ಒಂದು ವರ್ಷ ಸುಳಿಗೆ ಹುಳ ಬಿದ್ದಿದೆ ಎಂದ, ಚಪ್ಪರದ ಜನವೆಲ್ಲ ಮಂಕಾಗಿ ಮನೆಗೆ ಹೋದರು. ಆ ವರ್ಷಗಳಲ್ಲಿ ಇನ್ನೂ ಕೆಲವರು ಕಡಲಿಂದ ಬರಲಿಲ್ಲ. ಅವರ ಮನೆಯವರೂ ಅದೇ ತೆಂಗು ಬೆಳೆಯುವುದನ್ನು ಕೇಳುತ್ತ ಕಾದರು.

ಆ ಹೆಂಗಸು ಬದುಕು ನಿಲ್ಲಿಸಿ ಕಾಯಲಿಲ್ಲ. ಬಲೆ ಹೆಣೆದಳು, ಮೀನು ಒಣಗಿಸಿದಳು, ಮಗಳಿಗೆ ಮದುವೆ ಮಾಡಿದಳು. ತನ್ನ ಹಿತ್ತಲಲ್ಲಿ ಒಂದು ತೆಂಗಿನ ಸಸಿ ನೆಟ್ಟು ನೀರು ಹಾಕಿದಳು.

“ಅವನು ಬಂದನೇ, ಗುರುಗಳೇ?” ಎಂದು ಪಾಯಣ್ಣ ನಡುವೆ ಬಾಯಿ ಹಾಕಿದ.

“ಬರಲಿಲ್ಲ,” ಎಂದರು ಗುರುಗಳು. ಮತ್ತೆ ಕತೆ ಮುಂದುವರಿಸಿದರು.

ಒಂದು ದಿನ ಅವಳು ಕತೆಗಾರನ ಜಗಲಿಗೆ ಮತ್ತೆ ಬಂದಳು. ಅವನಿಗೆ ಆಗ ಕಣ್ಣು ಮಂಜಾಗಿತ್ತು. ಅವಳು ತಾನೇ ಕೂತಳು. ಒಂದು ತೆಂಗಿನಕಾಯಿಯನ್ನು ಅವನ ಕೈಗೆ ಕೊಟ್ಟಳು. ಅವನು ಅದನ್ನು ಕಿವಿಯ ಹತ್ತಿರ ಅಲುಗಿಸಿ ನೋಡಿದ. ಒಳಗೆ ನೀರು ತುಳುಕಿತು.

“ನಮ್ಮ ಹಿತ್ತಲ ಮರದ ಮೊದಲನೇ ಕಾಯಿ,” ಎಂದಳು. “ಉಳಿದ ಮನೆಯವರನ್ನೂ ಕೇಳಿಕೊಂಡೇ ಬಂದೆ. ಎಲ್ಲರೂ ಹೂಂ ಅಂದ್ರು. ಇನ್ನು ಸೆಟ್ಟಿಯನ್ನ ಕರ್ಕೊಂಡು ಬನ್ನಿ. ನಮ್ಮವರಿಗೂ ದಣಿವಾಗಿದೆ.”

ಕತೆಗಾರ ಆ ಸಂಜೆಯೇ ಕಡೆಯ ಭಾಗ ಹೇಳಿದ. ದ್ವೀಪದ ತೆಂಗು ಫಲ ಬಿಟ್ಟಿತು. ಸೆಟ್ಟಿ ಹೊರಟ, ಅಳಿವೆ ದಾಟಿದ, ಬೀದಿಯಲ್ಲಿ ನಡೆದ, ಹೊಸ್ತಿಲು ದಾಟಿದ. ಎಲ್ಲರಿಗೂ ಗೊತ್ತಿದ್ದ ಮಾತುಗಳೇ. ಆದರೂ ಊರಿಗೆ ಊರೇ ಅತ್ತಿತು. ಮರುದಿನ ಆ ಹೆಂಗಸು ದರ್ಭೆಯ ಗೊಂಬೆಯನ್ನು ತಾನೇ ಕಟ್ಟಿದಳು. ಬಳೆಗಳನ್ನು ಯಾರೂ ಒಡೆಯಲಿಲ್ಲ. ಅವಳೇ ಒಂದೊಂದಾಗಿ ಬಿಚ್ಚಿ, ಆ ತೆಂಗಿನಕಾಯಿಯ ಜೊತೆ ಕಡಲಿಗೆ ಬಿಟ್ಟಳು. ತಂಡೇಲ ಅವಳ ಹಿಂದೆ, ಮೊಣಕಾಲುದ್ದ ನೀರಿನಲ್ಲಿ, ತಲೆ ತಗ್ಗಿಸಿ ನಿಂತಿದ್ದ.

ಅಂದಿನಿಂದ ಆ ಬಂದರಿನಲ್ಲಿ ಕಡೆಯ ಭಾಗ ಯಾವಾಗ ಹೇಳಬೇಕು ಎಂದು ಮಳೆಯನ್ನು ನೋಡಿ ತೀರ್ಮಾನ ಮಾಡುವುದು ನಿಂತಿತು. ಕಾಯುತ್ತಿರುವ ಮನೆಯವರನ್ನು ಕೇಳುತ್ತಿದ್ದರು. ಅವರು ಇನ್ನೂ ಬೇಡ ಎಂದರೆ, ಸೆಟ್ಟಿಗೆ ಎದುರಾಗಿ ಇನ್ನೊಂದು ದ್ವೀಪ ಬರುತ್ತಿತ್ತು. ಆ ಕತೆಗಾರ ಹೋದ ಮೇಲೆ ಅವನ ಶಿಷ್ಯ ಹೇಳಿದ, ಶಿಷ್ಯನ ಶಿಷ್ಯ ಹೇಳಿದ. ಒಬ್ಬರೂ ಹಳೆಯ ದ್ವೀಪವನ್ನು ಕತೆಯಿಂದ ತೆಗೆಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಪಾಯಣ್ಣನ ಎದುರಿಗೆ ಹಳೆಯ ಗರಿಗಳು ಬಿಚ್ಚಿಕೊಂಡು ಬಿದ್ದಿದ್ದವು. “ಹಾಗಾದರೆ ಗಿಳಿಗಳ ದ್ವೀಪ?” ಎಂದು ಮೆಲ್ಲನೆ ಕೇಳಿದ. “ಬೆಳದಿಂಗಳಲ್ಲಿ ಉಳುವವರದು?”

“ಒಂದೊಂದೂ ಒಂದೊಂದು ಮನೆಯವರು ಕೇಳಿ ಪಡೆದದ್ದು. ಯಾರು ಕೇಳಿದರು, ಯಾರಿಗಾಗಿ ಕಾದರು ಎಂಬುದು ಈಗ ಯಾರಿಗೂ ನೆನಪಿಲ್ಲ. ಈ ಗರಿಗಳಷ್ಟೇ ಉಳಿದಿವೆ.”

ಗುರುಗಳು ಬಗ್ಗಿ, ಕೆಳಗಿಟ್ಟಿದ್ದ ಕಂಟವನ್ನು ಎತ್ತಿ ಪಾಯಣ್ಣನ ಕೈಗೆ ಕೊಟ್ಟರು.

“ಈಗ ಹೇಳು, ಯಾರ ಮನೆಯ ದ್ವೀಪವನ್ನು ಮೊದಲು ಬಿಡುತ್ತೀ?”