ಚಪ್ಪಲಿ ಜೋಡಿಸಿದ ಕೈ

ಮನೆಯವರ ಜೊತೆ ದೊಡ್ಡ ಪಟ್ಟಣದ ಅರಮನೆ, ಗುಮ್ಮಟ, ಹಳೇ ಗುಡಿಗಳನ್ನು ನೋಡಿ ಬಂದ ಸದಾನಂದನ ಫೋನು, ಗೂಟಕ್ಕೆ ನೇತುಬಿದ್ದ ಬುತ್ತಿಚೀಲದ ಮುಂದೆ ಜಂಭ ಕೊಚ್ಚಿಕೊಂಡಿತು: "ಒಂದು ಕಲ್ಲನ್ನೂ ಬಿಟ್ಟಿಲ್ಲ ಕಣಯ್ಯಾ. ನಾನೂರು ಪಟ ಹಿಡಿದಿದ್ದೇನೆ."

"ನೀಲವ್ವನನ್ನು ಹಿಡಿದೆಯಾ?" ಎಂದು ಚೀಲ ಕೇಳಿತು. ನೀಲವ್ವ ಸದಾನಂದನ ತಾಯಿ. ಎಲ್ಲರೂ ಒಳಗೆ ಹೋದಾಗಲೆಲ್ಲ ಅವಳು ಚೀಲವನ್ನು ಮಡಿಲಲ್ಲಿಟ್ಟುಕೊಂಡು ಹೊರಗೆ ಚಪ್ಪಲಿ ಕಾಯುತ್ತ ಕೂತಿದ್ದಳು.

"ಅವಳು ದಿನಾ ಮನೆಯಲ್ಲೇ ಇರುವವಳು. ಅರಮನೆ ದಿನಾ ಸಿಗುತ್ತದೆಯೇ?" ಎಂದಿತು ಫೋನು.

ಎರಡು ತಿಂಗಳಲ್ಲಿ ನೀಲವ್ವ ತೀರಿಕೊಂಡಳು. ಹಾರ ಹಾಕುವ ಪಟಕ್ಕೆ ಆಧಾರ್ ಕಾರ್ಡಿನ ಗಾಬರಿಬಿದ್ದ ಮುಖ ಬೇಡ, ನಗುವ ಮುಖ ಬೇಕೆಂದು ಸದಾನಂದ ಫೋನು ಹಿಡಿದು ಕೂತ. ಫೋನು ಅರಮನೆ ತೋರಿಸಿತು, ಗುಡಿ ತೋರಿಸಿತು, ಗುಮ್ಮಟವನ್ನು ಒಳಗಿನಿಂದಲೂ ಹೊರಗಿನಿಂದಲೂ ತೋರಿಸಿತು. ಕೊನೆಗೆ ಅರಮನೆಯ ಮೆಟ್ಟಿಲ ಪಟದ ಅಂಚಿನಲ್ಲಿ, ಮೊಮ್ಮಕ್ಕಳ ಚಪ್ಪಲಿಗಳನ್ನು ಸಾಲಾಗಿ ಜೋಡಿಸುತ್ತಿದ್ದ ಒಂದು ಸುಕ್ಕುಗಟ್ಟಿದ ಕೈ ಸಿಕ್ಕಿತು. ಸದಾನಂದ ಅದನ್ನು ದೊಡ್ಡದು ಮಾಡಿದ, ಇನ್ನೂ ದೊಡ್ಡದು ಮಾಡಿದ. ಕೈ ಮಸುಕಾಯಿತೇ ಹೊರತು ಮುಖ ಬರಲಿಲ್ಲ.

"ಅವತ್ತು ನಾನು ಒಂದು ಗೇಣು ಈಚೆ ತಿರುಗಿದ್ದರೆ ಸಾಕಿತ್ತು," ಎಂದು ಫೋನು ಪಿಸುಗುಟ್ಟಿತು.

ಗೂಟದ ಮೇಲಿದ್ದ ಚೀಲಕ್ಕೆ ಆ ಮುಖದ ಒಂದೊಂದು ಗೆರೆಯೂ ನೆನಪಿತ್ತು. ಆದರೆ ತೋರಿಸುವ ಬಗೆ ಅದಕ್ಕೆ ಗೊತ್ತಿರಲಿಲ್ಲ.