ದನಿ ಬಲಿಯಲೆಂದು ಕಾದವನು

"ಮಾಸ್ತರೇ, ಹೊಸ ಗಿಟಾರು ತೆಗೆದುಕೊಳ್ಳುವುದಾ, ಹಳತಾ?" ಎಂದು ಹಿಲರಿ ಕೇಳಿದ.

ಆಲ್ಬನ್ ಮಾಸ್ತರರು ಕರಾವಳಿಯ ಒಂದು ಪೇಟೆಯಲ್ಲಿ ನಲವತ್ತು ವರ್ಷದಿಂದ ಗಿಟಾರು ಕಲಿಸುವವರು. ಹಿಲರಿ ಅವರ ಶಿಷ್ಯ. ಅವನು ಅಂಗಡಿಯಲ್ಲಿ ಎರಡು ಗಿಟಾರು ನೋಡಿಟ್ಟಿದ್ದ. ಎರಡೂ ಒಳಗೆ ಟೊಳ್ಳಿರುವ ಎಲೆಕ್ಟ್ರಿಕ್ ಗಿಟಾರುಗಳು. ಒಂದು ಆಗಷ್ಟೇ ಪೆಟ್ಟಿಗೆಯಿಂದ ತೆಗೆದದ್ದು. ಇನ್ನೊಂದು, ಯಾರೋ ಇಪ್ಪತ್ತು ವರ್ಷ ನುಡಿಸಿ ಮಾರಿದ್ದು. ಮೂರು ವಾರ ಅಳೆದೂ ಸುರಿದೂ ಅವನಿಗೆ ಯಾವುದೆಂದು ತೀರ್ಮಾನವಾಗಿರಲಿಲ್ಲ.

"ಮೂರು ವಾರವಾ? ಹೆಣ್ಣು ನೋಡಿ ಒಪ್ಪುವುದಕ್ಕೂ ಇಷ್ಟು ದಿನ ಬೇಡ ಮಾರಾಯ" ಎಂದು ಮಾಸ್ತರರು ನಕ್ಕರು. ಆಮೇಲೆ ನಗು ನಿಲ್ಲಿಸಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವಾದಕನಿದ್ದ. ಮದುವೆ ಮನೆ, ಹೋಟೆಲು, ಕ್ಲಬ್ಬು ಎಂದು ತಿರುಗಿ, ಗಿಟಾರು ನುಡಿಸಿ ಸಂಸಾರ ಸಾಗಿಸುತ್ತಿದ್ದ. ಮನೆಯಲ್ಲಿ ಮಾತ್ರ ನುಡಿಸುತ್ತಿರಲಿಲ್ಲ. ಮಿಠಾಯಿ ಮಾಡುವವನು ಮನೆಗೆ ಬಂದು ಮಿಠಾಯಿ ತಿನ್ನುತ್ತಾನೆಯೇ? ಹಾಗೆ. ಅವನ ಹೆಂಡತಿ ಅವನ ಗಿಟಾರು ಕೇಳಿದ್ದೆಲ್ಲ ಬೇರೆಯವರ ಮದುವೆಗಳಲ್ಲಿ, ಹಿಂದಿನ ಸಾಲಿನಲ್ಲಿ ಕೂತು.

ಒಂದು ವರ್ಷ ಅವಳ ಕಿವಿ ಮಂದವಾಗತೊಡಗಿತು. ವೈದ್ಯರು ಪರೀಕ್ಷಿಸಿದರು. ಇದಕ್ಕೆ ಔಷಧಿಯಿಲ್ಲ, ಯಂತ್ರ ಇಟ್ಟರೂ ಪ್ರಯೋಜನವಿಲ್ಲ, ನಾಲ್ಕು ವರ್ಷದೊಳಗೆ ಪೂರ್ತಿ ಹೋಗುತ್ತದೆ ಎಂದರು. ಅವಳು ಅಳಲಿಲ್ಲ. ಮನೆಗೆ ಬಂದು ಗಂಡನಿಗೆ ಒಂದೇ ಮಾತು ಹೇಳಿದಳು: "ಇನ್ನಾದರೂ ಮನೆಯಲ್ಲಿ ಸ್ವಲ್ಪ ಬಾರಿಸಿ. ಕೇಳುವಷ್ಟು ದಿನ ಕೇಳ್ತೇನೆ."

ಆ ಮಾತು ಅವನ ಎದೆಗೆ ನಾಟಿತು. ಅವಳ ಕಿವಿಯಲ್ಲಿ ಕೊನೆಗೆ ಉಳಿಯುವ ದನಿ ಲೋಕದಲ್ಲೇ ಚೆಂದದ ದನಿಯಾಗಿರಬೇಕು ಎಂದುಕೊಂಡ. ಅದಕ್ಕೆ ತಕ್ಕ ಗಿಟಾರು ಬೇಕೆಂದು ಅಂಗಡಿಗೆ ಹೋದ.

ಅಂಗಡಿಯವನು ಎರಡನ್ನು ಇಳಿಸಿ ಕೊಟ್ಟ. ನೀನು ನೋಡಿದಂಥವೇ. ಹಳೆಯದರ ದನಿ ತುಂಬಿಕೊಂಡಿತ್ತು, ಆದರೆ ಮೂರನೆಯ ಮೆಟ್ಟಿನಲ್ಲಿ ಬೆರಳೊತ್ತಿದರೆ ಒಂದು ತಂತಿ ಜಿರ್ ಎನ್ನುತ್ತಿತ್ತು. ಹೊಸದರಲ್ಲಿ ಒಂದು ಕುಂದೂ ಇರಲಿಲ್ಲ, ಆದರೆ ದನಿ ಇನ್ನೂ ಎಳೆಯದು.

"ಟೊಳ್ಳು ಗಿಟಾರಿನ ಮರ ಬಾರಿಸಿ ಬಾರಿಸಿಯೇ ಬಲಿಯುವುದು" ಎಂದ ಅಂಗಡಿಯವನು. "ಹೊಸತಕ್ಕೆ ಮೂರು ವರ್ಷ ಬೇಕು. ಹಳತು ಇವತ್ತೇ ಹಾಡ್ತದೆ. ಸ್ವಲ್ಪ ಜಿರ್ ಅಂತದೆ, ಇರ್ಲಿ. ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ಲೇಸು."

ವಾದಕ ಮನಸ್ಸಿನಲ್ಲೇ ಕೂಡಿಸಿ ಕಳೆದ. ಮರಕ್ಕೆ ಮೂರು ವರ್ಷ. ಕಿವಿಗೆ ನಾಲ್ಕು. ಒಂದು ವರ್ಷ ಪೂರ್ತಿ ಉಳಿಯುತ್ತದೆ. ಜಿರ್ ಎನ್ನುವ ತಂತಿ ಅವಳ ಕಿವಿಗೆ ಯಾಕೆ ಎಂದು ಹೊಸದನ್ನೇ ಕೊಂಡ.

ಹೊಸ ಗಿಟಾರನ್ನು ಪಳಗಿಸಲು ವಾದಕರಲ್ಲಿ ಒಂದು ರೂಢಿಯಿದೆ. ಅದನ್ನು ರೇಡಿಯೊ ಎದುರು ನಿಲ್ಲಿಸುತ್ತಾರೆ. ಹಾಡಿನ ಕಂಪನ ಮರದೊಳಗೆ ಹೊಕ್ಕರೆ ದನಿ ಬೇಗ ಬಿಚ್ಚಿಕೊಳ್ಳುತ್ತದೆ ಎಂಬ ನಂಬಿಕೆ. ಇವನೂ ಒಳಕೋಣೆಯಲ್ಲಿ ಹಾಗೆಯೇ ನಿಲ್ಲಿಸಿದ. ಹಗಲಿಡೀ ರೇಡಿಯೊ ಗಿಟಾರಿಗೆ ಹಾಡು ಹೇಳಿತು. ಸಂಜೆ ಅವನೇ ಬಾಗಿಲು ಹಾಕಿಕೊಂಡು ನುಡಿಸಿದ. ಎಳೆ ದನಿ ಅವಳ ಕಿವಿಗೆ ಬೀಳಬಾರದೆಂದು ಬಾಗಿಲ ಸಂದಿಗೆ ಅವಳದೇ ಒಂದು ಹಳೆ ಸೀರೆ ತುರುಕಿದ.

ಮೊದಲನೆಯ ವರ್ಷ, ತಮ್ಮ ಮದುವೆಯ ವಾರ್ಷಿಕೋತ್ಸವದ ದಿನ ಅವಳು ಬಾಗಿಲು ತಟ್ಟಿದಳು.

"ದನಿ ಹೇಗಿದ್ದರೂ ಅಡ್ಡಿಯಿಲ್ಲ. ಇವತ್ತೊಂದು ದಿನ ಬಾಗಿಲು ತೆಗೆಯಿರಿ."

"ಇನ್ನೂ ಬಲಿಯಲಿಲ್ಲ. ಸ್ವಲ್ಪ ತಡಿ."

ಅವಳು ಮತ್ತೆ ಕೇಳಲಿಲ್ಲ. ಅವನಿಗೆ ಅವಳ ಮೇಲೆ ಪ್ರೀತಿ ಇರಲಿಲ್ಲ ಎಂದು ತಿಳಿಯಬೇಡ. ಪ್ರೀತಿ ಇದ್ದದ್ದರಿಂದಲೇ ಬಾಗಿಲು ಹಾಕಿದ್ದು.

ಮೂರನೆಯ ವರ್ಷ ಒಂದು ಸಂಜೆ ಗಿಟಾರಿನ ದನಿ ತುಂಬಿ ಬಂತು. ತಂತಿ ಮುಟ್ಟಿದರೆ ಇಡೀ ಮರ ನುಡಿಯಿತು. ಅವನು ಸಂದಿಯ ಸೀರೆ ಎಳೆದು ಬಿಸುಟು, ಬಾಗಿಲು ತೆರೆದು, ಹೆಂಡತಿಯನ್ನು ಕೈಹಿಡಿದು ಕರೆತಂದು ಕೂರಿಸಿದ. ಅವಳಿಗೆ ಪ್ರಿಯವಾದ ಹಾಡು ನುಡಿಸಿದ. ಅವಳು ಕಣ್ಣು ಮುಚ್ಚಿ ತಲೆದೂಗಿದಳು.

ಹಾಡು ಮುಗಿಯಿತು. ಅವಳ ತಲೆ ತೂಗುತ್ತಲೇ ಇತ್ತು.

ಅವನು ಎದ್ದ. ಗಿಟಾರನ್ನು ಆಂಪ್ಲಿಫೈಯರಿಗೆ ಜೋಡಿಸಿ ದನಿ ಏರಿಸಿದ. ಟೊಳ್ಳು ಗಿಟಾರಿಗೆ ಒಂದು ಗುಣವಿದೆ. ಮಿತಿ ಮೀರಿ ಏರಿಸಿದರೆ ಅದು ತಾನಾಗಿಯೇ ಊಳಿಡುತ್ತದೆ. ಅದು ಅವನಿಗೆ ಗೊತ್ತಿತ್ತು. ಆದರೂ ಏರಿಸಿದ. ಗಿಟಾರು ಊಳಿಟ್ಟಿತು. ಅಕ್ಕಪಕ್ಕದವರು ಏನಾಯಿತೆಂದು ಅಂಗಳಕ್ಕೆ ಓಡಿ ಬಂದರು. ಅವಳು ಕಾಲಡಿಯ ನೆಲ ಅದುರಿದ್ದಕ್ಕೆ ಕಣ್ಣು ತೆರೆದಳು. ಗಂಡನ ಮುಖ ನೋಡಿ ತಲೆದೂಗುವುದನ್ನು ನಿಲ್ಲಿಸಿದಳು.

ಒಂದೇ ಸೂರಿನಡಿ ಇದ್ದವನಿಗೆ ಮೊದಲೇ ತಿಳಿಯಲಿಲ್ಲವೇ ಎಂದು ನೀನು ಕೇಳಬಹುದು. ಅವಳು ತುಟಿ ನೋಡಿ ಮಾತು ತಿಳಿಯುವುದನ್ನು ಕಲಿತಿದ್ದಳು. ಅವನಾದರೋ ಮರಕ್ಕೆ ಕಿವಿಗೊಟ್ಟು ಕೂತವನು. ಮಾತು ಕಡಿಮೆಯಾದ ಮನೆಯಲ್ಲಿ ಕಿವುಡು ಬೇಗ ಗೊತ್ತಾಗುವುದಿಲ್ಲ.

"ಯಾವಾಗಿಂದ?" ಎಂದು ಅವನು ತುಟಿ ಬಿಡಿಸಿ ಕೇಳಿದ.

"ನೀವು ಬಾಗಿಲು ಹಾಕಿದ ಮೇಲೆ ನಾನು ದಿನಾ ಹೊರಗೆ ಗೋಡೆಗೆ ಕಿವಿ ಇಟ್ಟು ಕೂತುಕೊಳ್ತಿದ್ದೆ" ಎಂದಳು. "ಹೋದ ವರ್ಷ ಒಂದು ದಿನ ಎಂತದೂ ಕೇಳಲಿಲ್ಲ. ನಿಮಗೆ ಹುಷಾರಿಲ್ಲ, ಇವತ್ತು ಬಾರಿಸ್ಲಿಲ್ಲ ಅಂತ ಗ್ರಹಿಸಿದೆ. ಮರುದಿನವೂ ಕೇಳಲಿಲ್ಲ. ನೀವು ಅಷ್ಟು ಕಷ್ಟಪಡ್ತಾ ಇದ್ರಿ, ನಿಮಗೆ ಹೇಗೆ ಹೇಳುವುದು?"

ಅಂದಿನಿಂದ ಅವನು ದಿನಾ ಬಾಗಿಲು ತೆರೆದೇ ನುಡಿಸಿದ. ದಾರಿಯಲ್ಲಿ ಹೋಗುವವರು ನಿಂತು, ಎಂಥ ದನಿ ಎಂದು ತಲೆದೂಗಿ ಹೋದರು. ಊಟಕ್ಕಿಲ್ಲದ ಉಪ್ಪಿನಕಾಯಿ ಎಂದರೆ ಅದೇ. ಅವಳು ಅವನ ಎದುರೇ ಕೂತು ಅಕ್ಕಿ ಆರಿಸುತ್ತಿದ್ದಳು. ನಡುನಡುವೆ ತಲೆಯೆತ್ತಿ, ಅವನ ಬೆರಳು ಆಡುತ್ತಿದೆಯೇ ಎಂದು ನೋಡುತ್ತಿದ್ದಳು.

ಮಾಸ್ತರರು ಕತೆ ನಿಲ್ಲಿಸಿದರು.

"ಹಾಗಾದರೆ ಅವನು ಹಳತನ್ನೇ ತೆಗೆದುಕೊಳ್ಳಬೇಕಿತ್ತು, ಅಲ್ವಾ ಮಾಸ್ತರೇ?"

"ಅವನು ಅಂಗಡಿಗೆ ಹೋದ ದಿನವೂ ಮನೆಯಲ್ಲಿ ಒಂದು ಗಿಟಾರು ಇತ್ತಲ್ಲ ಮಾರಾಯ, ಅವಳು ಬಾರಿಸಿ ಅಂದದ್ದು ಅದನ್ನು."